ಕೆರೆ ತಳದಲ್ಲಿ ಉಳಿದ ಚಳಿ

ಹಾಸನದಲ್ಲಿ ನನ್ನ ಗೆಳೆಯರ ಪೈಕಿ ಗಾಳದ ಹುಚ್ಚಿರುವವರು ಜಾಸ್ತಿ. ಭಾನುವಾರ ಬಂತೆಂದರೆ ಒಬ್ಬ ಗೊರೂರು ಹಿನ್ನೀರಿಗೆ, ಇನ್ನೊಬ್ಬ ಯಗಚಿಗೆ, ಮತ್ತೊಬ್ಬ ವಾಟೆಹೊಳೆಗೆ. ಇವರ ಕೈಗೆ ನನ್ನ ಫೋನು ಸಿಕ್ಕಿ, ಅದರಲ್ಲಿರುವ ಬ್ರೌನ್ ಟ್ರೌಟ್ ಅನ್ನುವ ತಣ್ಣೀರಿನ ಮೀನಿನ ಫೋಟೊ ಕಣ್ಣಿಗೆ ಬಿದ್ದರೆ ಮುಗೀತು. ಮೊದಲು ಎಷ್ಟು ಕೆ.ಜಿ. ಅಂತ ಕೇಳುತ್ತಾರೆ. ಆಮೇಲೆ, ಇದರ ಮರಿ ತಂದು ಗೊರೂರಿನ ಹೇಮಾವತಿ ಡ್ಯಾಮಿಗೆ ಬಿಟ್ಟರೆ ಹೇಗೆ ಅಂತ. ಡ್ಯಾಮು ಅಷ್ಟೊಂದು ಆಳ ಇದೆ, ಮೇಲೆ ಬಿಸಿಲಿದ್ದರೂ ಕೆಳಗೆ ತಂಪಾಗೇ ಇರುತ್ತಲ್ವಾ?

ಇದಕ್ಕೆ ಸರಿಯಾಗಿ ಉತ್ತರ ಹೇಳಲು ಕೂತರೆ ಕಾಫಿ ಆರಿಹೋಗುತ್ತದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಆಳ ಇದ್ದ ಮಾತ್ರಕ್ಕೆ ನೀರು ತಣ್ಣಗಿರುವುದಿಲ್ಲ. ದೊಡ್ಡ ಸರೋವರದ ತಳದಲ್ಲಿ ಬೇಸಿಗೆಯಲ್ಲೂ ಸಿಗುವ ತಂಪು ಹಿಂದಿನ ಚಳಿಗಾಲದ್ದು. ಚಳಿಗಾಲ ಕೊಟ್ಟು ಹೋದದ್ದನ್ನು ಆಳ ಕಾಯ್ದುಕೊಂಡು ಕೂತಿರುತ್ತದೆ, ಅಷ್ಟೆ. ಬೇಸಿಗೆಯಲ್ಲಿ ಟ್ರೌಟ್ ಹಿಡಿಯುವುದು ಎಂದರೆ ಆ ಉಳಿದ ಚಳಿ ನೀರಿನೊಳಗೆ ಎಲ್ಲಿದೆ ಅಂತ ಹುಡುಕುವುದು.

ಅಕ್ಕ, ಭಾವ ಇರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ. ಊರಿನ ಉತ್ತರಕ್ಕೆ ಒಂಟಾರಿಯೊ ಸರೋವರ. ದಡದಲ್ಲಿ ನಿಂತರೆ ಸಮುದ್ರದ ಎದುರು ನಿಂತ ಹಾಗೇ. ಆಚೆ ದಡ ಕೆನಡಾ, ಕಣ್ಣಿಗೆ ಕಾಣುವುದಿಲ್ಲ. ವಿಸ್ತೀರ್ಣ ಸುಮಾರು 19,000 ಚದರ ಕಿ.ಮೀ. ನಮ್ಮ ಇಡೀ ಹಾಸನ ಜಿಲ್ಲೆ 6,814 ಚದರ ಕಿ.ಮೀ. ಸಕಲೇಶಪುರದ ಘಾಟಿಯಿಂದ ಅರಸೀಕೆರೆಯ ತೆಂಗಿನ ತೋಟದವರೆಗೆ ಎಲ್ಲವನ್ನೂ ಎರಡು ಸಲ ಮುಳುಗಿಸಿದರೂ ಇನ್ನೂ ಜಾಗ ಮಿಗುತ್ತದೆ. ಅತಿ ಆಳದ ಕಡೆ 244 ಮೀಟರ್.

ಅಲ್ಲಿಯ ಚಳಿಗಾಲ ನಮಗೆ ಗೊತ್ತಿರುವ ಚಳಿಯಲ್ಲ. ಡಿಸೆಂಬರ್‌ನಿಂದ ಗಾಳಿಯ ಉಷ್ಣತೆ ಸೊನ್ನೆಯ ಆಸುಪಾಸಿನಲ್ಲಿ, ಎಷ್ಟೋ ದಿನ ಅದಕ್ಕಿಂತ ಕೆಳಗೇ ಓಡಾಡುತ್ತಿರುತ್ತದೆ. ಮೇಲಿನ ನೀರು ತಣ್ಣಗಾಗುತ್ತದೆ, ಭಾರವಾಗಿ ಕೆಳಗಿಳಿಯುತ್ತದೆ. ಕೆಳಗಿನದು ಮೇಲೆ ಬರುತ್ತದೆ, ಅದೂ ತಣ್ಣಗಾಗಿ ಇಳಿಯುತ್ತದೆ. ನೀರಿನ ಒಂದು ವಿಚಿತ್ರ ಅಂದರೆ ಅದು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ. ಅಲ್ಲಿಂದ ಇನ್ನೂ ತಣ್ಣಗಾದರೆ ಮತ್ತೆ ಹಗುರವಾಗತೊಡಗುತ್ತದೆ. ಹಾಗಾಗಿ ಇಡೀ ಸರೋವರ ಮಗುಚಿ ಮಗುಚಿ ತಳದಲ್ಲಿ 4 ಡಿಗ್ರಿ ಆಸುಪಾಸಿನ ನೀರು ತುಂಬಿಕೊಳ್ಳುತ್ತದೆ. ಜೂನ್ ಹೊತ್ತಿಗೆ ಬಿಸಿಲು ಬಲಿಯುತ್ತದೆ. ಮೇಲಿನ ನೀರು ಕಾಯುತ್ತದೆ, ಹಗುರವಾಗುತ್ತದೆ, ಮಜ್ಜಿಗೆ ಮೇಲೆ ಬೆಣ್ಣೆ ನಿಂತ ಹಾಗೆ ಮೇಲೇ ನಿಂತುಬಿಡುತ್ತದೆ. ಗಾಳಿ ಎಷ್ಟು ಕಲಕಿದರೂ ಮೇಲಿನ ಪದರ ತನ್ನೊಳಗೇ ಬೆರೆಯುತ್ತದೆ, ತಳದ ನೀರಿಗೆ ಸುದ್ದಿಯೂ ಮುಟ್ಟುವುದಿಲ್ಲ. ಈ ಎರಡರ ನಡುವೆ ಕೆಲವೇ ಮೀಟರ್ ಒಳಗೆ ಉಷ್ಣತೆ ಧಡಕ್ಕನೆ ಇಳಿಯುವ ಒಂದು ಪಟ್ಟಿ ಇರುತ್ತದೆ. ಥರ್ಮೋಕ್ಲೈನ್ ಅನ್ನುತ್ತಾರೆ.

ಬ್ರೌನ್ ಟ್ರೌಟಿಗೆ ಹಿತವಾದ ನೀರು 13ರಿಂದ 18 ಡಿಗ್ರಿ. ಜುಲೈನಲ್ಲಿ ಮೇಲ್ಮೈ 22 ಡಿಗ್ರಿ, ಅದು ಇದಕ್ಕೆ ಸೆಕೆ. ತಳದಲ್ಲಿ ನಾಲ್ಕೈದು ಡಿಗ್ರಿ, ಅಲ್ಲಿ ಮೈ ಚುರುಕಾಗುವುದಿಲ್ಲ, ತಿನ್ನಲೂ ಹೆಚ್ಚೇನಿಲ್ಲ. ಮಧ್ಯದ ಆ ತೆಳು ಪಟ್ಟಿಯೇ ಅದರ ಬೇಸಿಗೆಯ ಮನೆ. ಅದರಲ್ಲೂ ಈ ಮೀನಿಗೆ ದಡದ ಮೋಹ ಸ್ವಲ್ಪ ಜಾಸ್ತಿ. ಸಾಲ್ಮನ್‌ಗಳು ನಡುನೀರಿನಲ್ಲಿ ಅಲೆಯುತ್ತಿದ್ದರೆ ಇದು ಆ ತಂಪು ಪಟ್ಟಿ ಇಳಿಜಾರಾದ ನೆಲಕ್ಕೆ ಬಂದು ತಾಗುವ ಕಡೆ ಸುಳಿದಾಡುತ್ತದೆ. ಪಟ್ಟಿ ಅರವತ್ತು ಅಡಿ ಕೆಳಗಿದ್ದರೆ, ಅರವತ್ತು ಎಪ್ಪತ್ತು ಅಡಿ ನೀರಿರುವ ಜಾಗ ಹುಡುಕಬೇಕು. 19,000 ಚದರ ಕಿ.ಮೀ. ನೀರಿನಲ್ಲಿ ಮೀನು ಸಿಗುವ ಜಾಗ ಹೀಗೆ ದಡದ ಉದ್ದಕ್ಕೂ ಒಂದು ಗೆರೆಗೆ ಇಳಿದುಬಿಡುತ್ತದೆ. ಈ ಲೆಕ್ಕ ಅರ್ಥವಾದ ಮೇಲೆ ಆ ಸರೋವರ ನನಗೆ ಅಷ್ಟು ಹೆದರಿಕೆ ಹುಟ್ಟಿಸಲಿಲ್ಲ.

ಭಾವ ಬಾಡಿಗೆ ದೋಣಿ ಗೊತ್ತು ಮಾಡಿದ್ದರು. ಅಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಕು, ಹೊರದೇಶದವರಿಗೂ ಬೇಕು, ಅದನ್ನು ಹಿಂದಿನ ದಿನವೇ ಮಾಡಿಸಿದ್ದರು. ಬೆಳಗಿನ ಜಾವ ಇನ್ನೂ ಕತ್ತಲು. "ಜುಲೈ ತಿಂಗಳು ಅಂತ ಬರೀ ಶರಟಿನಲ್ಲಿ ಬರಬೇಡಪ್ಪ, ನೀರಿನ ಮೇಲೆ ಹಲ್ಲು ಕಟಕಟ ಅನ್ನುತ್ತೆ" ಅಂದರು ಭಾವ. ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡೆ, ಎರಡೂ ಬೇಕಾದವು. ಬ್ರೌನ್ ಟ್ರೌಟ್ ಮಬ್ಬು ಬೆಳಕಿನಲ್ಲಿ ತಿನ್ನುವ ಮೀನು. ಸೂರ್ಯ ನೆತ್ತಿಗೇರಿದ ಮೇಲೆ ಬೇಕಾದರೆ ದೋಣಿ ಸವಾರಿ ಮಾಡಬಹುದು.

ದೋಣಿಯ ಹಿಂಬದಿಯಲ್ಲಿ ಎರಡು ರಾಟೆ ಇದ್ದವು. ಡೌನ್‌ರಿಗರ್ ಅಂತ ಹೆಸರು. ಪ್ರತಿ ರಾಟೆಗೆ ಉಕ್ಕಿನ ತಂತಿ, ತಂತಿಯ ತುದಿಯಲ್ಲಿ ನಾಲ್ಕೈದು ಕೆ.ಜಿ. ತೂಕದ ಸೀಸದ ಗುಂಡು. ಗಾಳದ ದಾರವನ್ನು ಆ ಗುಂಡಿನ ಹತ್ತಿರ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡನ್ನು ಬೇಕಾದ ಆಳಕ್ಕೆ ಇಳಿಸುತ್ತಾರೆ. ದಾರದ ತುದಿಯಲ್ಲಿ ಹುಳವಿಲ್ಲ, ಹಿಟ್ಟಿಲ್ಲ. ಸ್ಪೂನ್ ಅನ್ನುವ ತೆಳ್ಳನೆಯ ತಗಡು, ಒಂದು ಬದಿ ಬೆಳ್ಳಿ, ಇನ್ನೊಂದು ಬದಿ ಹಸಿರು. ದೋಣಿ ಸಾಗಿದಾಗ ಅದು ಹೊಯ್ದಾಡುತ್ತಾ ಮಿಂಚುತ್ತದೆ. ಏಲ್‌ವೈಫ್ ಅನ್ನುವ ಸಣ್ಣ ಮೀನು ಗಾಯಗೊಂಡು ಒದ್ದಾಡುತ್ತಿದೆ ಅಂತ ಟ್ರೌಟಿಗೆ ಅನಿಸಬೇಕು. ಕೋಲನ್ನು ಹೋಲ್ಡರಿನಲ್ಲಿ ನಿಲ್ಲಿಸಿ ದಾರ ಬಿಗಿಯುತ್ತಾರೆ, ಕೋಲಿನ ತುದಿ ನೀರಿನ ಕಡೆ ಬಾಗಿ ನಿಲ್ಲುತ್ತದೆ. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಕಿತ್ತು ಬರುತ್ತದೆ, ಕೋಲು ಚಟ್ಟನೆ ನೆಟ್ಟಗಾಗುತ್ತದೆ. ಅಲ್ಲಿಂದ ಮುಂದೆ ಗುಂಡಿನ ಭಾರ ಇಲ್ಲ. ಮೀನು, ದಾರ, ನೀವು.

ದೋಣಿ ನಡೆಸುವವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ವಯಸ್ಸಾದ ಮನುಷ್ಯ, ಮಾತು ಕಮ್ಮಿ. ಗುಂಡಿಗೆ ಒಂದು ಉಷ್ಣಮಾಪಕ ಕಟ್ಟಿದ್ದ, ಅದು ಕೆಳಗಿನ ನೀರಿನ ಡಿಗ್ರಿಯನ್ನು ಮೇಲಿನ ಪರದೆಗೆ ಕಳಿಸುತ್ತಿತ್ತು. ಗುಂಡು ಇಳಿಯುತ್ತಿದ್ದಂತೆ ನಾನು ಆ ಅಂಕಿ ನೋಡುತ್ತಾ ನಿಂತೆ. ಅಲ್ಲಿ ಫ್ಯಾರನ್‌ಹೀಟ್ ಲೆಕ್ಕ. 71, 71, 70. ಬಹಳ ಹೊತ್ತು 70. ಆಮೇಲೆ 66, 62, 58. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 22ರಿಂದ 14ಕ್ಕೆ. ಕೈಯಳತೆಯ ಆಳದಲ್ಲಿ ಒಂದು ಋತು ಮುಗಿದು ಇನ್ನೊಂದು ಶುರುವಾದ ಹಾಗಾಯಿತು. ಶಬ್ದದ ಅಲೆ ಕಳಿಸಿ ನೀರಿನೊಳಗನ್ನು ತೋರಿಸುವ ಪಕ್ಕದ ಸೋನಾರ್ ಪರದೆಯಲ್ಲಿ ಅದೇ ಆಳಕ್ಕೆ ಮಸುಕಾದ ಒಂದು ಅಡ್ಡಗೆರೆ. ಸಣ್ಣ ಜೀವಿಗಳು ಅಲ್ಲಿ ಗುಂಪುಗೂಡುತ್ತವೆ, ನೀರಿನ ಸಾಂದ್ರತೆಯೂ ಅಲ್ಲಿ ಬದಲಾಗುತ್ತದೆ, ಹಾಗಾಗಿ ಗೆರೆ ಕಾಣುತ್ತದೆ. ಕ್ಯಾಪ್ಟನ್ ಗುಂಡನ್ನು ಇನ್ನೆರಡು ಅಡಿ ಮೇಲೆ ತಂದ. ಎರಡೇ ಅಡಿ! ನನಗೆ ನಗು ಬಂತು, ಭಾವನಿಗೆ ಬರಲಿಲ್ಲ.

ವೇಗಕ್ಕೂ ಅಷ್ಟೇ ಮಡಿ. ಗಂಟೆಗೆ ಮೂರೂವರೆ ಕಿ.ಮೀ. ಹತ್ತಿರ, ನಾವು ಸಂಜೆ ವಾಕಿಂಗ್ ಹೋಗುವುದಕ್ಕಿಂತ ನಿಧಾನ. ಸ್ವಲ್ಪ ಕಮ್ಮಿಯಾದರೆ ಸ್ಪೂನ್ ಸುಮ್ನೆ ಜೋತುಬೀಳುತ್ತದೆ, ಜಾಸ್ತಿಯಾದರೆ ಗಿರಗಿರ ಸುತ್ತುತ್ತದೆ. ಇದರ ಮೇಲೆ ಇನ್ನೊಂದು ತೊಡಕು. ನೀರಿನೊಳಗೆ ಬೇರೆ ಬೇರೆ ಆಳದಲ್ಲಿ ಬೇರೆ ಬೇರೆ ಹರಿವು ಇರುತ್ತದೆ. ದೋಣಿಯ ವೇಗ ಒಂದಾದರೆ ಕೆಳಗೆ ಸ್ಪೂನಿಗೆ ತಾಗುವ ವೇಗವೇ ಬೇರೆ. ಪೂರ್ವಕ್ಕೆ ಹೋಗುವಾಗ ಕಚ್ಚಿದ ಮೀನು, ಅದೇ ಜಾಗದಲ್ಲಿ ಪಶ್ಚಿಮಕ್ಕೆ ಹೋಗುವಾಗ ತಿರುಗಿಯೂ ನೋಡದೆ ಇರಬಹುದು. ಬ್ರೌನ್ ಟ್ರೌಟ್ ಮೊದಲೇ ಅನುಮಾನದ ಮೀನು. 1990ರ ದಶಕದಿಂದ ಜೀಬ್ರಾ ಮಸಲ್, ಕ್ವಾಗಾ ಮಸಲ್ ಅನ್ನುವ ಹೊರಗಿನ ಚಿಪ್ಪುಜೀವಿಗಳು ಹರಡಿ ನೀರನ್ನು ಸೋಸಿ ಸೋಸಿ ತಿಳಿಯಾಗಿಸಿವೆ. ತಿಳಿನೀರಿನಲ್ಲಿ ಸೀಸದ ಗುಂಡು ಮೀನಿಗೆ ಕಾಣದೆ ಇರುತ್ತದೆಯೇ? ಅದಕ್ಕೇ ಸ್ಪೂನನ್ನು ಗುಂಡಿನಿಂದ ಬಹಳ ಹಿಂದಕ್ಕೆ ಬಿಡುತ್ತಾರೆ.

ಆವತ್ತು ನಮ್ಮ ಅದೃಷ್ಟವೂ ಚೆನ್ನಾಗಿತ್ತು. ಹಿಂದಿನ ಎರಡು ದಿನ ಗಾಳಿ ದಡದಿಂದ ಸರೋವರದ ಕಡೆಗೆ ಬೀಸಿತ್ತು. ಹಾಗೆ ಬೀಸಿದಾಗ ಮೇಲಿನ ಬಿಸಿನೀರು ಒಳಕ್ಕೆ ಸರಿಯುತ್ತದೆ, ಅದು ಬಿಟ್ಟ ಜಾಗಕ್ಕೆ ತಳದ ತಣ್ಣೀರು ಎದ್ದು ಬರುತ್ತದೆ. ತಂಪು ಪಟ್ಟಿ ದಡದ ಹತ್ತಿರಕ್ಕೆ ಬಂದಿತ್ತು, ಮೀನೂ ಅದರ ಜೊತೆ ಬಂದಿತ್ತು. ಹಿಂದಿನ ದಿನ ಈಜಲು ಹೋಗಿದ್ದ ಅಕ್ಕನ ಮಗಳು ನೀರು ಐಸ್ ಐಸ್ ಅಂತ ಕಿರುಚಿಕೊಂಡು ವಾಪಸ್ ಬಂದಿದ್ದಳು. ಅದನ್ನು ಕೇಳಿದ್ದೇ ಭಾವನಿಗೆ ಖುಷಿಯೋ ಖುಷಿ.

ಒಂದು ಮಾತು ಹೇಳಬೇಕು. ಹೀಗೆ ದೋಣಿ ಓಡಿಸುತ್ತಾ ಗಾಳ ಎಳೆಯುವ ಟ್ರೋಲಿಂಗ್ ನನಗೆ ಪೂರ್ತಿ ಹಿಡಿಸಿತು ಅಂತಲ್ಲ. ನಾವು ಬೆಂಡು ನೋಡುತ್ತಾ ಕೂತು ಬೆಳೆದವರು. ಬೆಂಡು ಅಲುಗಿದ ರೀತಿ ನೋಡಿ ಗೆಂಡೆಯೋ ಜಿಲೇಬಿಯೋ (ತಿಲಾಪಿಯಾ ಮೀನು) ಹೇಳುವವರು ನಮ್ಮಲ್ಲಿದ್ದಾರೆ. ಇಲ್ಲಿ ಕೋಲು ಕೈಯಲ್ಲೇ ಇಲ್ಲ, ಹೋಲ್ಡರಿನಲ್ಲಿದೆ. ಎಂಜಿನ್ ಗುಡುಗುಡು ಅನ್ನುತ್ತಿದೆ, ಪರದೆಗಳು ಮಿನುಗುತ್ತಿವೆ. ಮೀನು ಕಚ್ಚಿದ ಗಳಿಗೆ ನಿಮ್ಮ ಬೆರಳಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಕೆಲಸ ಮೀನು ಹಿಡಿಯುವುದು, ಇನ್ನರ್ಧ ಭೂಮಾಪನ ಇಲಾಖೆಯದ್ದು. ಆದರೆ ಕ್ಯಾಪ್ಟನ್ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ಇದನ್ನು ಯಂತ್ರದ ಆಟ ಅಂತ ತಳ್ಳಿಹಾಕಲೂ ಮನಸ್ಸು ಬರಲಿಲ್ಲ. ಅವನ ಬೆಂಡು ನೀರಿನ ಕೆಳಗಿದೆ, ಅಷ್ಟೆ.

ಕೋಲು ನೆಟ್ಟಗಾದದ್ದನ್ನು ಮೊದಲು ನೋಡಿದ್ದು ಭಾವ. "ಎತ್ತು, ಎತ್ತು, ಎತ್ತಪ್ಪಾ!" ಎತ್ತಿದೆ. ಮೊದಲಿಗೆ ಏನೂ ಭಾರವಿಲ್ಲ, ಬರೀ ಸಡಿಲ ದಾರ. ಸುತ್ತುತ್ತಾ ಹೋದೆ. ಒಮ್ಮೆಲೇ ತೂಕ ಸಿಕ್ಕಿತು, ಸಿಕ್ಕಿದ್ದೇ ರೀಲು ಹಿಂದಕ್ಕೆ ಓಡತೊಡಗಿತು. ಸಾಲ್ಮನ್ ಹಾಗೆ ಇದು ದೂರ ಓಡುವುದಿಲ್ಲವಂತೆ. ತಲೆ ಒದರುತ್ತದೆ, ಕೆಳಕ್ಕೆ ಎಳೆಯುತ್ತದೆ, ದೋಣಿ ಹತ್ತಿರ ಬಂದ ಮೇಲೆ ಸೋತ ಹಾಗೆ ನಟಿಸಿ ಮತ್ತೆ ಇಳಿಯುತ್ತದೆ. ಕ್ಯಾಪ್ಟನ್ ಕೈಬಲೆ ಹಾಕಿ ಎತ್ತಿದಾಗ ಮೂರೂವರೆ ಕೆ.ಜಿ. ಇತ್ತು.

ಬ್ರೌನ್ ಅಂತ ಹೆಸರಿದ್ದರೂ ದೊಡ್ಡ ಸರೋವರದಲ್ಲಿ ಬೆಳೆದದ್ದು ಕಂದು ಬಣ್ಣದ್ದಲ್ಲ, ಬೆಳ್ಳಿ. ಬೆನ್ನು ಮಾತ್ರ ಹಸಿರು ಮಿಶ್ರಿತ ಕಂದು. ಮೈಮೇಲೆ ಕಪ್ಪು ಚುಕ್ಕೆಗಳು, ಕೆಲವು ಗುಂಡಗೆ, ಕೆಲವು ಗುಣಾಕಾರ ಚಿಹ್ನೆಯ ಆಕಾರ. ನಮ್ಮ ರೋಹು, ಕಾಟ್ಲಾದ ಹೊಟ್ಟೆ ಮೇಲೆ ಬೆರಳಾಡಿಸಿದರೆ ಪೊರೆ ಎಣಿಸಬಹುದು. ಇದರ ಪೊರೆ ಎಷ್ಟು ಸಣ್ಣ ಅಂದರೆ ಚರ್ಮ ನುಣ್ಣಗೇ ಅನಿಸುತ್ತದೆ. ಬಾಲಕ್ಕಿಂತ ಸ್ವಲ್ಪ ಮುಂದೆ, ಬೆನ್ನ ಮೇಲೆ, ಮುಳ್ಳಿಲ್ಲದ ಒಂದು ಪುಟ್ಟ ಮೆತ್ತನೆಯ ರೆಕ್ಕೆ. ಹೆಬ್ಬೆರಳಿನಿಂದ ಒತ್ತಿದರೆ ಮಡಚುತ್ತದೆ, ಬಿಟ್ಟರೆ ಏಳುತ್ತದೆ. ಗೆಂಡೆ ಜಾತಿಯ ಮೀನಿಗೆ ಇದು ಇಲ್ಲ. ಮುಟ್ಟಿದಾಗ ಮೀನಿನ ಮೈ ತಣ್ಣಗೆ ಕೊರೆಯುತ್ತಿತ್ತು. ದೋಣಿಯ ಪಕ್ಕದ ನೀರಿಗೆ ಕೈ ಹಾಕಿದರೆ ಅದು ಬೆಚ್ಚಗಿತ್ತು. ಆ ಮೀನು ಅರವತ್ತು ಅಡಿ ಕೆಳಗಿನ ಚಳಿಯನ್ನು ಮೈಯಲ್ಲಿ ಹೊತ್ತು ತಂದಿತ್ತು.

ಇದೂ ಅಮೆರಿಕದ ಮೂಲದ್ದಲ್ಲ. ಯೂರೋಪಿನ ಮೀನು. ಜರ್ಮನಿಯಿಂದ ಇದರ ಮೊಟ್ಟೆ ನ್ಯೂಯಾರ್ಕಿಗೆ ಬಂದದ್ದು 1883ರಲ್ಲಿ. ಕಳಿಸಿದವರು ಜರ್ಮನಿಯ ಮೀನುಗಾರಿಕೆ ಸಂಘದ ಬ್ಯಾರನ್ ಫಾನ್ ಬೇರ್, ತರಿಸಿಕೊಂಡವರು ನ್ಯೂಯಾರ್ಕಿನಲ್ಲಿ ಮೀನುಮರಿ ಕೇಂದ್ರ ನಡೆಸುತ್ತಿದ್ದ ಫ್ರೆಡ್ ಮೇದರ್. ಈಗಲೂ ಸರ್ಕಾರದವರು ಮರಿ ಬೆಳೆಸಿ ಒಂಟಾರಿಯೊಗೆ ಬಿಡುತ್ತಾರೆ.

ಅಡುಗೆಮನೆಯಲ್ಲಿ ಬೇರೆಯೇ ಕಥೆ. ನಾನು ತಲೆ ಸಾರಿಗೆ, ತುಂಡು ಹುರಿಯಲು ಅಂತ ಮನಸ್ಸಿನಲ್ಲೇ ಭಾಗ ಮಾಡಿಕೊಂಡಿದ್ದೆ. ಅಕ್ಕ ಚಾಕು ತೆಗೆದುಕೊಂಡು ತಲೆ ಎಸೆದಳು, ಚರ್ಮ ಸುಲಿದಳು, ಹೊಟ್ಟೆಯ ಕೊಬ್ಬನ್ನೆಲ್ಲ ಹೆರೆದು ತೆಗೆದಳು. ಹೊಟ್ಟೆ ಉರಿಯಿತು. ಒಂಟಾರಿಯೊದ ಸುತ್ತ ಕಾರ್ಖಾನೆಗಳಿದ್ದ ಕಾಲದಲ್ಲಿ ನೀರಿಗೆ ಸೇರಿದ ಪಿಸಿಬಿ ಅನ್ನುವ ರಾಸಾಯನಿಕ ಇನ್ನೂ ಪೂರ್ತಿ ಹೋಗಿಲ್ಲ. ಅಮೆರಿಕದಲ್ಲಿ ಅದರ ತಯಾರಿಕೆಗೆ ನಿಷೇಧ ಬಂದದ್ದೇ 1979ರಲ್ಲಿ. ಅದು ಕೊಬ್ಬಿನಲ್ಲಿ ಕೂರುತ್ತದೆ, ದೊಡ್ಡ ಮೀನಿನಲ್ಲಿ ಜಾಸ್ತಿ ಕೂರುತ್ತದೆ. ಮಕ್ಕಳು, ಹೆರುವ ವಯಸ್ಸಿನ ಹೆಂಗಸರು ತಿನ್ನಬೇಡಿ, ಉಳಿದವರೂ ಮಿತಿಯಲ್ಲಿರಿ ಅಂತ ಅಲ್ಲಿಯ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿತ್ತು. ಅಕ್ಕನ ಮಗಳ ತಟ್ಟೆಗೆ ಆ ರಾತ್ರಿ ಕೋಳಿ. ಭಾವನಿಗೂ ನನಗೂ ಎರಡೆರಡು ತುಂಡು, ಊರಿಂದ ಒಯ್ದಿದ್ದ ಖಾರದ ಪುಡಿ, ಹುಣಸೆಹುಳಿ ಸವರಿ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಹುರಿದದ್ದು. ಮಾಂಸ ನಸುಗೆಂಪು, ರುಚಿ ಚೆನ್ನಾಗಿತ್ತು. ಆದರೂ ಚರ್ಮ ಇಲ್ಲದ ಹುರಿದ ಮೀನು ಅಂದರೆ ಏನೋ ಕಮ್ಮಿ.

ಇನ್ನು ಹೇಮಾವತಿ.

ಗೊರೂರು ಜಲಾಶಯದ ಪೂರ್ಣ ಮಟ್ಟ ಸಮುದ್ರದಿಂದ 2,922 ಅಡಿ, ತುಂಬಿದರೆ 37.10 ಟಿಎಂಸಿ ನೀರು. ಸಣ್ಣದೇನಲ್ಲ. ಆದರೆ ನಮ್ಮ ಚಳಿಗಾಲ ಇದಕ್ಕೆ ಏನು ಕೊಡುತ್ತದೆ? ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ನಮಗೆ ಮಫ್ಲರ್ ಬೇಕಾಗುತ್ತದೆ ನಿಜ. ಅಷ್ಟು ದೊಡ್ಡ ನೀರು ಅದಕ್ಕೆಲ್ಲ ಜಗ್ಗುವುದಿಲ್ಲ. ಇಪ್ಪತ್ತು ಡಿಗ್ರಿಗಿಂತ ಬಹಳ ಕೆಳಗೆ ಇಳಿಯುವುದೇ ಇಲ್ಲ. ಮೇಲಿನ ನೀರು ವರ್ಷದಲ್ಲಿ ಎಷ್ಟು ತಣ್ಣಗಾಗುತ್ತದೋ ತಳಕ್ಕೆ ಸಿಗುವುದೂ ಅಷ್ಟೇ. ಟ್ರೌಟಿಗೆ 25 ಡಿಗ್ರಿ ಆಸುಪಾಸು ಬದುಕಿನ ಗಡಿ. ಮರಿ ಮಾಡಲು ಇನ್ನೂ ತಣ್ಣಗಿರುವ, ಜಲ್ಲಿಕಲ್ಲಿನ ಮೇಲೆ ಹರಿಯುವ ತಿಳಿನೀರು ಬೇಕು.

ಉಸಿರಿನ ಲೆಕ್ಕವೂ ಇದೆ. 4 ಡಿಗ್ರಿ ನೀರಿನಲ್ಲಿ ಲೀಟರಿಗೆ 13 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 28 ಡಿಗ್ರಿ ನೀರಿನಲ್ಲಿ 8 ಕೂಡ ಕಷ್ಟ. ಬೆಚ್ಚಗಿನ ಜಲಾಶಯದ ತಳದಲ್ಲಿ ಎಲೆ, ಕಸ ಕೊಳೆಯುತ್ತಾ ಇರುವಷ್ಟನ್ನೂ ತಿಂದುಹಾಕುತ್ತವೆ. ಹಾಗಾಗಿ ಬೇಸಿಗೆಯಲ್ಲಿ ನಮ್ಮ ಕಡೆ ಆಳ ಅನ್ನುವುದು ಮೀನಿಗೆ ಆಸರೆಯಾಗುವ ಬದಲು ಉಸಿರುಗಟ್ಟುವ ಜಾಗವೂ ಆಗಬಹುದು. ಹೊಳೆಯ ಮಾತು ಬೇರೆ. ಸಕಲೇಶಪುರದ ಮೇಲಿನ ಹೊಳೆಗಳು ಏಪ್ರಿಲ್‌ನಲ್ಲಿ ಸೊರಗಿದಾಗ ಮೀನೆಲ್ಲ ಮರದ ನೆರಳಿನ ಮಡುಗಳಿಗೆ ಸೇರಿಕೊಳ್ಳುತ್ತವೆ. ಅಲ್ಲಿ ಅವು ಕಾಯುವುದು ಮೊದಲ ಮಳೆಗೆ.

ಭಾರತದಲ್ಲಿ ಟ್ರೌಟ್ ನೆಲೆ ನಿಂತ ಜಾಗ ನೋಡಿದರೂ ಇದೇ ಕಾಣುತ್ತದೆ. ಕಾಶ್ಮೀರಕ್ಕೆ ಸ್ಕಾಟ್ಲೆಂಡಿನಿಂದ ಬ್ರೌನ್ ಟ್ರೌಟ್ ಮೊಟ್ಟೆ ಬಂದು ಉಳಿದದ್ದು 1900ರಲ್ಲಿ. ಅಲ್ಲಿ ಹಿಮ ಕರಗಿದ ಹೊಳೆಗಳಿವೆ. ನೀಲಗಿರಿಯಲ್ಲಿ 1860ರ ದಶಕದಲ್ಲೇ ಬ್ರಿಟಿಷ್ ಮೀನು ತಜ್ಞ ಫ್ರಾನ್ಸಿಸ್ ಡೇ ಪ್ರಯತ್ನ ಶುರು ಮಾಡಿದ್ದರು. ಬಹಳ ಕಾಲದ ನಂತರ ಅಲ್ಲಿ ಎರಡು ಸಾವಿರ ಮೀಟರ್ ಎತ್ತರದ ಹೊಳೆಗಳಲ್ಲಿ ಕೊನೆಗೂ ನಿಂತದ್ದು ರೇನ್‌ಬೋ ಟ್ರೌಟ್, ಬ್ರೌನ್ ಅಲ್ಲ. ಹಾಗಾದರೆ ನಮ್ಮ ಮುಳ್ಳಯ್ಯನಗಿರಿ ಅನ್ನುತ್ತಾನೆ ಚಿಕ್ಕಮಗಳೂರಿನ ಗೆಳೆಯ. 1,930 ಮೀಟರ್ ಎತ್ತರ ಇದೆ, ಸರಿ. ಬೆಟ್ಟದ ತುದಿಯಲ್ಲಿ ಮಾರ್ಚ್ ತಿಂಗಳಿಗೆ ಮುಖ ತೊಳೆಯಲು ನೀರು ಹುಡುಕಬೇಕು, ಟ್ರೌಟ್ ಎಲ್ಲಿ ಬಿಡುವುದು? ಅದೂ ಅಲ್ಲದೆ ತಂದು ಬಿಡುವ ಕೆಲಸ ನಾವು ಸಾಕಷ್ಟು ಮಾಡಿದ್ದೇವೆ. ಜಿಲೇಬಿ ಮೀನು ದೇಶಕ್ಕೆ ಬಂದದ್ದು 1952ರಲ್ಲಿ. ಈಗ ಯಾವ ಕೆರೆಗೆ ಗಾಳ ಹಾಕಿದರೂ ಮೊದಲು ಬರುವುದು ಅದೇ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಬಂದು ಬಾಯಿ ಬಿಡುವ ಮಹಶೀರ್‌ಗಳನ್ನು ನೋಡಿಯೂ ಹೊರಗಿನ ಮೀನಿಗೆ ಆಸೆಪಡುವುದು ನನಗಂತೂ ಅರ್ಥವಾಗುವುದಿಲ್ಲ.

ಆದರೂ ಗೊರೂರಿನ ತಳದಲ್ಲಿ ಎಷ್ಟು ಡಿಗ್ರಿ ಇರಬಹುದು ಅನ್ನುವ ಕುತೂಹಲ ಬಿಡಲಿಲ್ಲ. ಏಪ್ರಿಲ್‌ನಲ್ಲಿ ಹಿನ್ನೀರಿನ ಕಡೆ ಬಲೆ ಬಿಡುವ ಒಬ್ಬ ಹಿರಿಯರ ಜೊತೆ ತೆಪ್ಪದಲ್ಲಿ ಹೋದೆ. ಬಿರಡೆಗೆ ದಾರ ಕಟ್ಟಿದ ದಪ್ಪ ಬಾಟಲಿ, ಅದಕ್ಕೆ ಒಂದು ಕಲ್ಲು, ಉದ್ದ ಹಗ್ಗ. ಕೆಳಗೆ ಇಳಿಸಿ ದಾರ ಎಳೆದರೆ ಬಿರಡೆ ಕಿತ್ತು ಅಲ್ಲಿಯ ನೀರೇ ತುಂಬುತ್ತದೆ, ಮೇಲೆ ತಂದ ತಕ್ಷಣ ಉಷ್ಣಮಾಪಕ ಅದ್ದುವುದು. ಮೇಲೆ 29 ಇತ್ತು. ಹಗ್ಗ ಮುಗಿಯುವ ಆಳದಲ್ಲಿ 26. ಮೇಲಕ್ಕೆ ಎಳೆಯುವಷ್ಟರಲ್ಲಿ ಸ್ವಲ್ಪ ಕಾದಿರಬಹುದು, ಅದನ್ನು ಕಳೆದರೂ ಟ್ರೌಟಿನ ಮಾತೇ ಇಲ್ಲ. ಆ ಹಿರಿಯರು ಬಾಟಲಿಯ ನೀರನ್ನು ಮೂಸಿ ನೋಡಿ ಮುಖ ಕಿವಿಚಿದರು. "ಈ ಕಾಲದಾಗೆ ಅಲ್ಲಿ ಮೀನು ಇರಾಕಿಲ್ಲ ಸಾರ್. ಈ ವಾಸನೆಗೆ ಯಾವುದು ಇರ್ತದೆ?" ಅಂದರು. ಯಾವ ಮಾಪಕವೂ ಇಲ್ಲದೆ ಅವರು ಆಮ್ಲಜನಕದ ಲೆಕ್ಕ ಹೇಳಿ ಮುಗಿಸಿದ್ದರು.

ದಡಕ್ಕೆ ವಾಪಸ್ ಬರುತ್ತಾ ಒಂಟಾರಿಯೊ ಕಥೆ ಹೇಳಿದೆ. ಗುಂಡು, ತಂತಿ, ಪರದೆ, ಎರಡಡಿ ಮೇಲೆ ಎರಡಡಿ ಕೆಳಗೆ, ಎಲ್ಲವನ್ನೂ ಹುಟ್ಟು ಹಾಕುತ್ತಲೇ ಕೇಳಿಸಿಕೊಂಡರು.

"ಕೆ.ಜಿ.ಗೆ ಏನು ರೇಟು ಸಾರ್ ಅಲ್ಲಿ?"

"ಮಾರೋ ಹಾಗಿಲ್ಲ ಯಜಮಾನ್ರೇ. ಗಾಳದಲ್ಲಿ ಹಿಡಿದದ್ದನ್ನು ಮಾರೋಕೆ ಕಾನೂನು ಬಿಡಲ್ಲ."

"ತಿನ್ನಾಕೂ ಜಾಸ್ತಿ ತಿನ್ನಂಗಿಲ್ಲ ಅಂದ್ರಿ."

"ಹೌದು."

ಹುಟ್ಟು ನಿಲ್ಲಿಸಿ ನನ್ನ ಮುಖ ನೋಡಿದರು. "ಮತ್ತೆ ಡೀಸೆಲ್ ಯಾರು ಹಾಕ್ಸೋದು?"